ಸ್ಪೇನ್ ಸುತ್ತಿ ಬಂದ ನನ್ನ ಹೆಸರು

ಮೂರು ತಿಂಗಳ ಹಿಂದೆ ನನ್ನ ಹೆಸರು ನನ್ನ ಮನೆಯಲ್ಲೇ ರಿಜೆಕ್ಟ್ ಆಯಿತು. ಅದೂ ಶುಕ್ರವಾರದ ಊಟದ ಹೊತ್ತಿಗೆ, ಬಾಯಲ್ಲಿ ಬಂಗುಡೆ ಇರುವಾಗ.

ರಿಜೆಕ್ಟ್ ಮಾಡಿದ್ದು ಸೊಸೆ ನಿಶಾ. ಒಳ್ಳೆಯ ಹುಡುಗಿ. ಆಗ ಏಳು ತಿಂಗಳ ಬಸುರಿ. ಮಗ ರೋಶನ್ ಮತ್ತು ಅವಳು ಮಸ್ಕತ್‌ನಲ್ಲಿದ್ದಾರೆ. ವಾರಕ್ಕೊಮ್ಮೆ ಕಾರು ಹತ್ತಿ ಬರ್ಕಾಕ್ಕೆ, ನಮ್ಮಲ್ಲಿಗೆ ಬರುತ್ತಾರೆ. (ನಮ್ಮನ್ನು ನೋಡಲು ಅಂತ ಅವರು ಹೇಳುತ್ತಾರೆ. ನನ್ನ ಹೆಂಡತಿ ಐರಿನ್ ಮಾಡುವ ಮೀನು ಸಾರಿಗೆ ಅಂತ ನಾನು ಹೇಳುತ್ತೇನೆ.) ಹುಟ್ಟಲಿರುವುದು ಗಂಡು ಎಂದು ಇಲ್ಲಿನ ಡಾಕ್ಟರು ಸ್ಕ್ಯಾನ್ ನೋಡಿ ಹೇಳಿಯಾಗಿತ್ತು. ಬಾಕಿ ಇದ್ದದ್ದು ಹೆಸರು.

ಹೆಸರಿನ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಕರಾವಳಿಯ ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಒಂದು ಪದ್ಧತಿ ಇದೆ. ಮೊದಲ ಮೊಮ್ಮಗನಿಗೆ ಅಪ್ಪನ ಅಪ್ಪನ ಹೆಸರು. ಅರ್ಜಿ ಬೇಡ, ಇಂಟರ್‌ವ್ಯೂ ಬೇಡ. ಅಜ್ಜ ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ, ಹೆಸರು ಅವನದೇ. ಅಂದರೆ ಈ ಅಂಕಣದ ನೆತ್ತಿಯ ಮೇಲೆ ವಾರವಾರ ನೀವು ನೋಡುವ ಹೆಸರು. ಝೇವಿಯರ್.

ನಿಶಾ ನಯವಾಗಿಯೇ ಹೇಳಿದಳು. ಹೆಸರು ಚೆನ್ನಾಗಿದೆಯಂತೆ. ಆದರೆ ತುಂಬಾ ಕಾಮನ್ ಅಂತೆ. ಅವಳೂ ಇಲ್ಲೇ ಒಮಾನ್‌ನಲ್ಲಿ ಓದಿದವಳು. ಒಂದೇ ಕ್ಲಾಸಿನಲ್ಲಿ ನಾಲ್ವರ ಅಪ್ಪಂದಿರ ಹೆಸರು ಝೇವಿಯರ್ ಅಂತೆ. ಕೊನೆಗೆ ಒಂದು ಮಾತು ಸೇರಿಸಿದಳು.

"ಪಪ್ಪಾ, ಡೋಂಟ್ ಮೈಂಡ್. ಅದು ಸ್ವಲ್ಪ ಅಂಕಲ್‌ಗಳ ಹೆಸರು."

ನಾನೇಕೆ ಮೈಂಡ್ ಮಾಡಲಿ? ಬೇಜಾರೇನಿಲ್ಲ ಮಗಳೇ ಎಂದು ನಕ್ಕು, ಇನ್ನೊಂದು ಬಂಗುಡೆ ಹಾಕಿಸಿಕೊಂಡೆ. ಹಸಿ ಸುಳ್ಳು. ಆ ಮೀನಿಗೆ ಉಪ್ಪು ಸರಿಯಿತ್ತೋ ಇಲ್ಲವೋ ಈಗಲೂ ನೆನಪಿಲ್ಲ.

ಅವಳು ಹೇಳಿದ್ದು ಸುಳ್ಳೇನೂ ಅಲ್ಲ, ಅದೇ ಸಂಕಟ. ಉಡುಪಿ ಕಡೆಯ ನಮ್ಮ ಚರ್ಚ್‌ನಲ್ಲಿ ಪೂಜೆ ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು "ಸಾವೆರ್" ಎಂದು ಕೂಗಿದರೆ (ಕೊಂಕಣಿಯಲ್ಲಿ ನಾವು ಸಾವೆರ್) ಅರ್ಧ ಅಂಗಳ ತಿರುಗಿ ನೋಡುತ್ತದೆ. ಎಲ್ಲ, ಗೋವಾದ ಚರ್ಚ್‌ನಲ್ಲಿ ಮಲಗಿರುವ ಸಂತ ಝೇವಿಯರರ ಕೃಪೆ. ಹೆರಿಗೆ ಸುಸೂತ್ರವಾದರೆ ನಿಮ್ಮ ಹೆಸರೇ ಇಡುತ್ತೇವೆ ಎಂದು ಹರಕೆ ಹೊತ್ತವರು ಎಷ್ಟು ಮಂದಿಯೋ. ಹರಕೆಗಳೆಲ್ಲ ಧಾರಾಳವಾಗಿ ಫಲಿಸಿ, ಗುರುತಿಗೆಂದು ಬೇಕರಿ ಸಾವೆರ್, ಬಸ್ ಸಾವೆರ್, ಕೋಳಿ ಸಾವೆರ್ ಎಂದು ಕಸುಬು ಅಂಟಿಸಬೇಕಾಯಿತು. ಒಮಾನ್‌ಗೆ ಬಂದ ಮೇಲೂ ತಪ್ಪಿದ್ದಲ್ಲ. ಇಲ್ಲಿ ಕಸುಬಿನ ಬದಲು ಊರು. ಜನರ ಫೋನ್‌ಗಳಲ್ಲಿ ನಾನು "ಝೇವಿಯರ್ ಬರ್ಕಾ". ಇನ್ನೊಬ್ಬ "ಝೇವಿಯರ್ ಇಬ್ರಾ". ಮತ್ತೊಬ್ಬ ಖಸಬ್ ಬಿಟ್ಟು ಹತ್ತು ವರ್ಷವಾಯಿತು, ಪಾಪ, ಅವನು ಇನ್ನೂ "ಝೇವಿಯರ್ ಖಸಬ್".

ಎರಡು ವಾರ ಕಳೆಯಿತು. ಮಗ-ಸೊಸೆ ಖುಷಿಯಲ್ಲಿ ಬಂದರು. ಹೆಸರು ಸಿಕ್ಕಿತ್ತು, ಯಾವುದೋ ಆ್ಯಪ್‌ನಲ್ಲಿ.

"ಹಾವಿಯೇರ್," ಎಂದ ರೋಶನ್.

ಪ್ಯೂರ್ ಸ್ಪ್ಯಾನಿಷ್ ಅಂತೆ. ನಮ್ಮ ಜನರಲ್ಲಿ ಯಾರಿಗೂ ಇಲ್ಲವಂತೆ. ಅರ್ಥ ಹೊಸ ಮನೆ ಅಂತೆ. ಅವರು ಹೊಸ ಫ್ಲಾಟ್‌ಗೆ ಶಿಫ್ಟ್ ಆಗಿ ತಿಂಗಳೂ ಆಗಿರಲಿಲ್ಲ, ಹಾಗಾಗಿ ಮೀನಿಂಗ್ ಕೂಡ ಪರ್ಫೆಕ್ಟ್ ಅಂತೆ. ಹೆಸರಿನೊಳಗೆ ಹಾವು ಇದೆಯಲ್ಲ ಎಂದು ಐರಿನ್ ಗೊಣಗಿದಳು. ನಾನು ಗೊಣಗಲಿಲ್ಲ. ಮನಸ್ಸಿನಲ್ಲೇ ಶಪಿಸಿದೆ. ಮಗುವನ್ನಲ್ಲ, ಸ್ಪೇನ್ ದೇಶವನ್ನು.

ಭಾನುವಾರ ಕೆಲಸಕ್ಕೆ ಹೋದೆ. (ಇಲ್ಲಿ ವಾರ ಶುರುವಾಗುವುದೇ ಭಾನುವಾರ.) ನಾನು ಎ.ಸಿ. ಬಿಡಿಭಾಗಗಳ ಗೋದಾಮಿನ ಸ್ಟೋರ್ ಕೀಪರ್. ಅದೇ ಕಂಪನಿಯಲ್ಲಿ ಹೊಸಮನಿ ಎಂಬ ಎಂಜಿನಿಯರ್ ಇದ್ದಾರೆ, ಗದಗದವರು. ಹತ್ತು ವರ್ಷದಿಂದ ನಮ್ಮಿಬ್ಬರ ಬೆಳಗಿನ ಚಹಾ ಒಟ್ಟಿಗೆ. ಅವತ್ತು ಚಹಾಕ್ಕಿಂತ ನನ್ನ ಗೋಳೇ ಹೆಚ್ಚಿತ್ತು. ಹಾವಿಯೇರ್ ಅಂತೆ, ಹೊಸ ಮನೆ ಅಂತೆ, ಎಂದು ಹಲ್ಲು ಕಡಿದೆ. ಹೊಸಮನಿ ಗ್ಲಾಸು ಕೆಳಗಿಟ್ಟರು.

"ಅಲ್ರೀ, ಹೊಸಮನಿ ಅಂದ್ರ ನಮ್ಮ ಅಡ್ಡಹೆಸರು. ಅದನ್ನ ಸ್ಪೇನ್‌ದವ್ರು ಯಾವಾಗ ಒಯ್ದ್ರು?"

ಸ್ವಂತ ಮನೆತನಕ್ಕೇ ಕನ್ನ ಬಿದ್ದ ಮೇಲೆ ಮನುಷ್ಯ ಸುಮ್ಮನಿರುತ್ತಾನೆಯೇ? ಫೋನ್ ತೆಗೆದು ಹುಡುಕತೊಡಗಿದರು. ಓದುತ್ತಾ ನನಗೂ ಹೇಳುತ್ತಾ ಹೋದರು. ಸ್ಪೇನ್‌ನ ಉತ್ತರಕ್ಕೆ ಬೆಟ್ಟದ ಸೀಮೆ. ಅಲ್ಲಿ ಬಾಸ್ಕ್ ಎಂಬ ಜನ, ಅವರದೇ ಒಂದು ಭಾಷೆ. ಆ ಭಾಷೆಯಲ್ಲಿ "ಎಚೆ ಬೆರ್ರಿ" ಅಂದರೆ ಹೊಸ ಮನೆ. ಅಲ್ಲೊಂದು ಕಲ್ಲಿನ ಕೋಟೆಮನೆ, ಅದರ ಸುತ್ತ ಒಂದು ಊರು. ಊರಿಗೂ ಅದೇ ಹೆಸರು. ಜನರ ಬಾಯಲ್ಲಿ ಸವೆದು ಸವೆದು ಹೆಸರು ಬೇರೆಯೇ ಆಯಿತು. ಆ ಕೋಟೆಯಲ್ಲಿ ಹುಟ್ಟಿದ ಹುಡುಗ ಮುಂದೆ ಗೋವಾಕ್ಕೆ ಬಂದ, ತೀರಿಕೊಂಡ ಮೇಲೆ ಸಂತನಾದ. ಊರಿನ ಹೆಸರು ಅವನ ಹೆಸರಿಗೆ ಅಂಟಿಕೊಂಡಿತ್ತು. ಅಲ್ಲಿಂದ ಲೋಕದ ತೊಟ್ಟಿಲುಗಳಿಗೆಲ್ಲ ಹೋಯಿತು. ಸ್ಪೇನ್‌ನವರು ಅದನ್ನು ಹಾವಿಯೇರ್ ಅನ್ನುತ್ತಾರೆ. ಇಂಗ್ಲಿಷಿನವರು...

ಹೊಸಮನಿ ಫೋನ್ ನೋಡಿದರು. ನನ್ನನ್ನು ನೋಡಿದರು. ಮತ್ತೆ ಫೋನ್ ನೋಡಿದರು.

"ರೀ, ಇದು ನಿಮ್ಮದ ಹೆಸರ ಐತಿ."

ಚಹಾ ಮೂಗಿಗೆ ಹತ್ತಿತು. ಕೆಮ್ಮಿದೆ, ನಕ್ಕೆ, ಮತ್ತೆ ಕೆಮ್ಮಿದೆ. ಇಷ್ಟು ವರ್ಷ ಎದುರುಬದುರು ಕುಳಿತು ಚಹಾ ಕುಡಿದ ನಾವಿಬ್ಬರೂ ಒಂದೇ ಹೆಸರಿನವರು! ಅದರಲ್ಲಿ ಒಬ್ಬನಿಗೂ ಹೊಸ ಮನೆ ಇಲ್ಲ. ನನ್ನದು ಮೂವತ್ತೊಂದು ವರ್ಷದಿಂದ ಬಾಡಿಗೆ ಫ್ಲಾಟು. ಗದಗದ ಅವರ ಮನೆ ಮುತ್ತಜ್ಜ ಕಟ್ಟಿಸಿದ್ದು, ಮಳೆ ಬಂದರೆ ಐದು ಕಡೆ ಬಕೆಟ್ ಇಡಬೇಕಂತೆ.

ನೋಡಿ ಲೋಕದ ಚಂದ. ಚಿಕ್ಕವನಿದ್ದಾಗ ಐರಿನ್ ತಲೆಗೆ ತೆಂಗಿನೆಣ್ಣೆ ಹಚ್ಚಿದರೆ ರೋಶನ್ ವಾಸನೆ ಎಂದು ಮನೆಯೆಲ್ಲ ಓಡುತ್ತಿದ್ದ. ಈಗ ಅವನ ಅಡುಗೆಮನೆಯಲ್ಲಿ ಫಿಲಿಪ್ಪೀನ್ಸ್‌ನಿಂದ ಬಂದ ತೆಂಗಿನೆಣ್ಣೆಯ ಬಾಟಲಿ ಇದೆ, ದೇವರ ಫೋಟೋಕ್ಕಿಂತ ಜೋಪಾನವಾಗಿ. ನನ್ನ ಹೆಸರಿನದೂ ಅದೇ ಕಥೆ. ಉಡುಪಿಯಿಂದ ಬಂದರೆ ಅಂಕಲ್. ಸ್ಪೇನ್‌ನಿಂದ ಬಂದರೆ ಯೂನಿಕ್.

ಈಗ ಪ್ರಶ್ನೆ: ಮಕ್ಕಳಿಗೆ ಹೇಳಬೇಕೋ ಬೇಡವೋ? ಹೇಳಿದರೆ ನಾನು ಗೆದ್ದಂತೆ, ಆದರೆ ಹೆಸರು ಸೋತಂತೆ. ಅಂಕಲ್ ವಾಸನೆ ಬಡಿದ ತಕ್ಷಣ ಅವರು ಮತ್ತೆ ಆ್ಯಪ್ ತೆರೆಯುವುದು ಗ್ಯಾರಂಟಿ. ಹೊಸಮನಿ ತೀರ್ಪು ಕೊಟ್ಟರು: "ಬಾಯಿ ಮುಚ್ಕೊಂಡು ಕುಂದರ್ರಿ. ಹೆಸರು ಉಳೀಬೇಕೋ ಬ್ಯಾಡೋ?"

ಕುಂತೆ. ಅರವತ್ತು ವರ್ಷದಲ್ಲಿ ಇಷ್ಟು ದಿನ ನಾನು ಯಾವತ್ತೂ ಬಾಯಿ ಮುಚ್ಚಿ ಕುಳಿತವನಲ್ಲ. ಐರಿನ್‌ಗೂ ಹೇಳಲಿಲ್ಲ. ಅವಳಿಗೆ ಹೇಳಿದ್ದು ಅನ್ನ ಬೇಯುವುದರೊಳಗೆ ಉಡುಪಿಯಲ್ಲಿರುವ ಅವಳ ತಂಗಿಗೆ ಗೊತ್ತಿರುತ್ತದೆ. ಮಗು ಹುಟ್ಟಿತು. ಎಲ್ಲರ ಮುಂದೆ ಹಾವಿಯೇರ್ ಎಂದು ಶಿಸ್ತಾಗಿ ಕರೆದೆ. ಕೋಣೆಯಲ್ಲಿ ಯಾರೂ ಇಲ್ಲದಾಗ ಕಿವಿಯ ಹತ್ತಿರ ಬಾಗಿ "ಸಾವೆರ್" ಎಂದೆ. ಮಹಾರಾಯ ಆಕಳಿಸಿದ. ನನಗೆ ಅಷ್ಟೇ ಸಾಕಾಯಿತು, ಕಣ್ಣು ಒದ್ದೆಯಾಯಿತು.

ಮೊನ್ನೆ ಶುಕ್ರವಾರ ಬ್ಯಾಪ್ಟಿಸಂ. ನಮ್ಮ ಫಾದರ್ ಗೋವಾದವರು. ನನಗೆ ಆ ಯೋಚನೆಯೇ ಹೊಳೆದಿರಲಿಲ್ಲ. ಗೋವಾದ ಪಾದ್ರಿಗೆ ಆ ಸಂತನ ಮೂಲ ಹೆಸರನ್ನು ಯಾರಾದರೂ ಹೇಳಿಕೊಡಬೇಕೇ? ಮಗುವಿನ ಹೆಸರೇನು ಎಂದು ಕೇಳಿದರು. ರೋಶನ್ ಹೇಳಿದ. ಫಾದರ್ ಮುಖ ಅರಳಿತು. ಜನರ ಕಡೆ ತಿರುಗಿ ಸಣ್ಣ ಭಾಷಣವನ್ನೇ ಬಿಗಿದರು. ಈಗಿನ ಮಕ್ಕಳು ಎಲ್ಲೆಲ್ಲಿಂದಲೋ ಹೆಸರು ಹೆಕ್ಕಿ ತರುತ್ತಾರೆ, ಈ ದಂಪತಿಯನ್ನು ನೋಡಿ, ಅಜ್ಜನ ಹೆಸರನ್ನೇ ಅದರ ತವರಿನಲ್ಲಿ ಕರೆಯುವ ಹಾಗೆ ಇಟ್ಟಿದ್ದಾರೆ ಎಂದರು. ಚಪ್ಪಾಳೆ ಬಿತ್ತು. ನಾನು ಚರ್ಚ್‌ನ ಸೀಲಿಂಗ್ ಫ್ಯಾನ್‌ಗಳನ್ನು ಎಣಿಸತೊಡಗಿದೆ.

ಗುಟ್ಟು ಒಡೆಯಿತು, ಇನ್ನು ಹೆಸರೂ ಹೋಯಿತು ಎಂದುಕೊಂಡೆ. ಆದದ್ದೇ ಬೇರೆ. ಹೊರಗೆ ಬಂದ ಕೂಡಲೇ ಆಂಟಿಯರು ನಿಶಾಳನ್ನು ಮುತ್ತಿದರು. ಇಂಥ ಸೊಸೆ ಸಿಗಲು ಪುಣ್ಯ ಬೇಕು ಎಂದು ಗಲ್ಲ ಹಿಡಿದರು. ಮೊದಲ ಆಂಟಿಗೆ ಅವಳು ಬೆಪ್ಪಾಗಿ ನಕ್ಕಳು. ಎರಡನೆಯವರಿಗೆ ತಲೆಯಾಡಿಸಿದಳು. ಮೂರನೆಯವರು ಬರುವ ಹೊತ್ತಿಗೆ, "ಎಸ್ ಆಂಟಿ, ನಮ್ಮ ಪಪ್ಪಾ ಹೆಸರೇ," ಎನ್ನುತ್ತಿದ್ದಳು. ಯಲ್ಲಾ (ಅರಬ್ಬಿಯಲ್ಲಿ ‘ನಡಿ ಮುಂದೆ’), ಇನ್ನು ಹೆಸರು ಬದಲಾಗುವ ಭಯವಿಲ್ಲ.

ಊಟದ ಹಾಲ್‌ನಲ್ಲಿ ರೋಶನ್ ನನ್ನನ್ನು ಮೂಲೆಗೆ ಕರೆದ. ಎಷ್ಟು ದಿನದಿಂದ ಗೊತ್ತಿತ್ತು ಅಂತ ವಿಚಾರಣೆ. ಎಲ್ಲ ಒಪ್ಪಿಕೊಂಡೆ, ಹೊಸಮನಿಯ ಪಾಲೂ ಸೇರಿಸಿ. ಬಿದ್ದು ಬಿದ್ದು ನಕ್ಕ. ನಕ್ಕು ಮುಗಿದ ಮೇಲೆ ತಟ್ಟೆಯಲ್ಲಿದ್ದ ಸಣ್ಣ (ನಮ್ಮವರ ಇಡ್ಲಿ) ಮುರಿಯುತ್ತಾ, ತೀರಾ ಸಾಮಾನ್ಯ ದನಿಯಲ್ಲಿ ಕೇಳಿದ.

"ಪಪ್ಪಾ, ಆ ರೂಲ್ ಪ್ರಕಾರ ನನ್ನ ಹೆಸರು ಏನಾಗಬೇಕಿತ್ತು?"

ಲಾದ್ರು. ನನ್ನ ಅಪ್ಪನ ಹೆಸರು ಲಾದ್ರು. ಬೈಬಲ್‌ನಲ್ಲಿ ಸತ್ತು ನಾಲ್ಕು ದಿನದ ಮೇಲೆ ಗೋರಿಯಿಂದ ಎದ್ದು ಬಂದವನ ಹೆಸರು, ನಮ್ಮ ಕೊಂಕಣಿ ಬಾಯಿಯಲ್ಲಿ.

ರೋಶನ್ ಹುಟ್ಟಿದಾಗ ಇಲ್ಲಿನ ನಮ್ಮವರೆಲ್ಲ ನವೀನ್, ಸಂತೋಷ್, ರೋಶನ್ ಎಂದು ಇಡುತ್ತಿದ್ದ ಕಾಲ. ಶಾಲೆಯ ಹಾಜರಿ ಪುಸ್ತಕದಲ್ಲಿ ಲಾದ್ರು ಅಂತ ಕೂಗಿದರೆ ಮಕ್ಕಳು ನಗುತ್ತಾರೆ ಎಂದು ನಾನೇ ತೀರ್ಮಾನಿಸಿದ್ದೆ. ಊರಿಗೆ ಫೋನ್ ಮಾಡಿದೆ. ನಮ್ಮಲ್ಲಿ ಫೋನ್ ಇರಲಿಲ್ಲ, ಅಪ್ಪ ಪಕ್ಕದ ಮನೆಗೆ ಓಡಿ ಬಂದಿದ್ದರು. ಏದುಸಿರು ಬಿಡುತ್ತಲೇ ಹೆಸರೇನಿಟ್ಟೆ ಎಂದು ಕೇಳಿದರು. ಹೇಳಿದೆ. ಇನ್ನೊಮ್ಮೆ ಹೇಳಿಸಿಕೊಂಡರು, ನಾಲ್ಕು ಜನರಿಗೆ ಹೇಳುವಾಗ ತಪ್ಪಬಾರದಲ್ಲ ಎಂದರು. ನಾವು ನಾಲ್ವರು ಗಂಡುಮಕ್ಕಳು, ಆರು ಮೊಮ್ಮಕ್ಕಳು ಗಂಡು, ಒಬ್ಬನಿಗೂ ಆ ಹೆಸರಿಲ್ಲ. ಅಪ್ಪ ಹಾಗೆಯೇ ಹೋದರು. ಅವರಿಗೆ ಎಷ್ಟು ನೋವಾಗಿರಬಹುದು ಎಂದು ಯೋಚಿಸಲು ನನಗೆ ಮೂವತ್ತು ವರ್ಷ ಬೇಕಾಯಿತು. ತಪ್ಪಾಯಿತು ಅಪ್ಪಾ.

ನಿನ್ನೆ ಹೊಸಮನಿಯ ಫೋನ್‌ನಲ್ಲಿ ಹುಡುಕಿಸಿದೆ. ಸ್ಪ್ಯಾನಿಷ್‌ನಲ್ಲಿ ಲಾದ್ರುವಿಗೆ ಲಾಸರೊ ಅನ್ನುತ್ತಾರಂತೆ. ಕೇಳಲು ಎಷ್ಟು ಸ್ಟೈಲಾಗಿದೆ! ರೋಶನ್‌ಗೂ ನಿಶಾಗೂ ಕನ್ನಡ ಓದಲು ಬರುವುದಿಲ್ಲ, ಆ ಧೈರ್ಯದ ಮೇಲೆ ನಿಮ್ಮನ್ನು ಕೇಳುತ್ತಿದ್ದೇನೆ. ಅವರು ಎರಡನೆಯ ಮಗುವಿಗೆ ಹೆಸರು ಹುಡುಕುವ ಹೊತ್ತಿಗೆ ಆ ಆ್ಯಪ್‌ನಲ್ಲಿ ಇದನ್ನು ಮೇಲಕ್ಕೆ ತರುವುದು ಹೇಗೆ?