ಕಳ್ಳರಲ್ಲ, ದಾಟುವವರು

ಮೊನ್ನೆ ಯಲಹಂಕದಲ್ಲಿ ಖಾಲಿ ಸೈಟೊಂದರ ಕಾಂಪೌಂಡ್ ಗೋಡೆಯ ಮೇಲೆ ಯಾರೋ ಬ್ರಷ್ ಹಿಡಿದು ಅಕ್ಷರ ಬರೆಯುತ್ತಿದ್ದರು. ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿದದ್ದೇ ತಡ, ಆರ್.ಟಿ. ನಗರದ ಬೋರ್ಡ್ ಬರೆಯುವ ಚಾಚಾ ಕಣ್ಮುಂದೆ ಬಂದು ನಿಂತರು…

ಎಂಬತ್ತರ ದಶಕದ ಆರಂಭ. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು ನಾನು. ಅಮ್ಮ ಮನೆಮನೆಗೆ ಹಾಲು ಹಾಕಿ ಓದಿಸುತ್ತಿದ್ದಳು. ಆ ಹೆಮ್ಮೆ ತಲೆಗೂ ಸ್ವಲ್ಪ ಏರಿತ್ತು. ಚಾಚಾ ಇಂಗ್ಲಿಷ್ ಅಕ್ಷರಗಳನ್ನು ಮುತ್ತಿನಂತೆ ಬರೆಯುತ್ತಿದ್ದರು, ಅರ್ಥ ಮಾತ್ರ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಂಗಡಿ ಮುಂದೆ ನನ್ನನ್ನು ನಿಲ್ಲಿಸಿದರು.

“ಬೇಟಿ, ಈ ‘ಟ್ರೆಸ್‌ಪಾಸರ್ಸ್’ ಅಂದ್ರೆ ಯಾರು? ಎಷ್ಟೋ ಬೋರ್ಡಲ್ಲಿ ಬರ್ದಿದೀನಿ, ಯಾರ್ನ ಬೈತಿದೀನೋ ಗೊತ್ತಿಲ್ಲ. ಈ ಸಲ ಸೈಟ್ ಓನರ್‌ಗೆ ಕನ್ನಡದಲ್ಲೂ ಬೇಕಂತೆ.”

ನನಗೂ ಗೊತ್ತಿರಲಿಲ್ಲ. ಹಾಗೆನ್ನಲು ಬಾಯಿ ಬರಲಿಲ್ಲ. “ಕಳ್ಳರು ಚಾಚಾ” ಎಂದುಬಿಟ್ಟೆ.

ಮರುದಿನ ಬೋರ್ಡು ನಿಂತಿತು: ‘ಕಳ್ಳರನ್ನು ಶಿಕ್ಷಿಸಲಾಗುವುದು.’ ಅಮ್ಮ ದಿನವೂ ಹಾಲಿನ ಕ್ಯಾನು ಹೊತ್ತು ಆ ಸೈಟು ದಾಟುತ್ತಿದ್ದ ಕಾಲುದಾರಿಯ ಬಾಯಲ್ಲೇ. ಹಾಲು ಕೊಳ್ಳುವ ಮನೆಯಾಕೆ, “ಏನಮ್ಮಾ, ನಿನ್ ಮೇಲೇ ಬೋರ್ಡ್ ಹಾಕವ್ರಲ್ಲ” ಎಂದು ನಕ್ಕಳಂತೆ. ಅಮ್ಮನಿಗೆ ಓದು ಬಾರದು. “ಅದೇನ್ ಬರ್ದವ್ರೆ, ನೀನ್ ಓದಿ ಏಳು” ಎಂದಳು. ನಾನು ಕಾಲೇಜಿಗೆ ಹೊತ್ತಾಯಿತೆಂದು ತಪ್ಪಿಸಿಕೊಂಡೆ.

ಲೈಬ್ರರಿಯಲ್ಲಿ ದಪ್ಪ ನಿಘಂಟು ತೆಗೆದೆ. ಓದುತ್ತ ಮೈ ಜುಮ್ಮೆಂದಿತು. ಹಳೆಯ ಫ್ರೆಂಚಿನಿಂದ ಬಂದ ಪದ, ಅದರ ಬೇರು ಲ್ಯಾಟಿನ್ನಿನಲ್ಲಿ. ಆಚೆಗೆ ಎನ್ನುವುದಕ್ಕೊಂದು ತುಂಡು, ಹೆಜ್ಜೆ ಎನ್ನುವುದಕ್ಕೊಂದು ತುಂಡು. ಆಚೆಗೆ ಹೆಜ್ಜೆಯಿಟ್ಟವರು, ಅಷ್ಟೇ! ಇಂಗ್ಲಿಷಿಗೆ ಬಂದ ಮೇಲೆ ಅದು ತಪ್ಪಾಯಿತು, ಪಾಪವಾಯಿತು, ಆಮೇಲೆ ಪರರ ನೆಲಕ್ಕೆ ಕಾಲಿಡುವುದಾಯಿತು. ಕಳ್ಳತನ ಎಲ್ಲೂ ಇರಲಿಲ್ಲ. ಮಧ್ಯಾಹ್ನದ ಕ್ಲಾಸು ಬಿಟ್ಟು ಓಡಿದೆ.

“ಚಾಚಾ, ನಂಗೆ ಗೊತ್ತಿರ್ಲಿಲ್ಲ. ಸುಮ್ನೆ ಹೇಳ್ಬಿಟ್ಟೆ” ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದೆ.

ಅವರು ಬೈಯಲಿಲ್ಲ. “ನಡ್ಕೊಂಡ್ ಹೋಗೋರ್ನ ಕಳ್ಳರು ಅಂದ್ಬಿಟ್ವಲ್ಲ ಬೇಟಿ…” ಎಂದವರೇ ಸೈಕಲ್ಲಿಗೆ ಬಣ್ಣದ ಡಬ್ಬ ನೇತುಹಾಕಿ ಹೊರಟರು. ‘ಕಳ್ಳರನ್ನು’ ಎಂಬುದರ ಮೇಲೆ ಬಿಳಿ ಬಳಿದು, ಒಣಗುವವರೆಗೆ ಕೂತು, ‘ಕೇಳದೆ ದಾಟುವವರನ್ನು’ ಎಂದು ಬರೆದರು.

ಸಂಜೆ ಅಮ್ಮನನ್ನು ಕರೆದೊಯ್ದು ಓದಿ ಹೇಳಿದೆ, ನನ್ನ ತಪ್ಪನ್ನೂ ಹೇಳಿದೆ. “ದಾಟೋರಾ? ಅಂಗಾದ್ರೆ ನಾನೇ ಬಿಡು. ಓನರ್‌ನ ಒಂದ್ ಮಾತ್ ಕೇಳ್ತೀನಿ” ಎಂದಳು. ಕೇಳಿದಳು. ಆತ ಬೇಡವೆನ್ನಲಿಲ್ಲ.

ಆಮೇಲೂ ಚಾಚಾ ಪದ ಕೇಳುತ್ತಿದ್ದರು. “ನೋಡಿ ಹೇಳ್ತೀನಿ” ಎನ್ನಲು ನಾನು ಕಲಿತಿದ್ದೆ.

ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಮೊನ್ನೆ ಮನೆಗೆ ಬಂದವಳು ನಿಘಂಟು ತೆರೆದೆ. ಆ ‘ಟ್ರೆಸ್‌ಪಾಸ್’ ಪದಕ್ಕೆ ಹಳೆಯ ಫ್ರೆಂಚಿನಲ್ಲಿ ಸಾಯುವುದು ಎಂಬ ಅರ್ಥವೂ ಇತ್ತಂತೆ. ಚಾಚಾಗೆ ಹೇಳಿಬರೋಣವೆಂದು ಚಪ್ಪಲಿ ಮೆಟ್ಟಿಯೂ ಆಗಿತ್ತು… ಬಾಗಿಲಲ್ಲೇ ನಿಂತೆ.