ಸ್ವಿಚ್ಚಕ್ಕ ಊರಿಗೆಲ್ಲ ಗೀಸರ್ ಹಾಕಿಸಿದ ದಿನ

ಯಾರೂ ಇಲ್ಲದ ಕೋಣೆಯಲ್ಲಿ ಒಂದು ಫ್ಯಾನು ತಿರುಗುತ್ತಿದೆ ಎಂದರೆ ನಮ್ಮೂರಿನ ಸ್ವಿಚ್ಚಕ್ಕನಿಗೆ ಮೂರು ಬೀದಿ ಆಚೆಯಿಂದಲೇ ಗೊತ್ತಾಗುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಸಾವಿರದ ಇನ್ನೂರು ಮನೆಗಳ ಮೀಟರ್ ಓದುತ್ತಿರುವ ಹೆಂಗಸು. ಗೇಟು ತೆರೆದು, ನಾಯಿಯನ್ನು ಗದರಿಸಿ, ಅಂಕಿ ಬರೆದುಕೊಂಡರೆ ಸಂಬಳದ ಕೆಲಸ ಮುಗಿಯಿತು. ಸಂಬಳವಿಲ್ಲದ ಕೆಲಸ ಶುರುವಾಗುವುದು ಆಮೇಲೆ. ಚಪ್ಪಲಿ ಬಿಟ್ಟು ಸೀದಾ ಒಳಗೆ ನುಗ್ಗಿ, ಅನಾಥವಾಗಿ ಉರಿಯುತ್ತಿರುವ ಬಲ್ಬನ್ನು ಪತ್ತೆ ಹಚ್ಚಿ, ಟಪ್ಪೆಂದು ಆರಿಸಿ, ಮನೆಯೊಡತಿಯ ಕಡೆ ತಿರುಗಿ ಕೇಳುತ್ತಾಳೆ:

"ಯಾರಿಗಮ್ಮಾ ಈ ಬೆಳಕು? ಮಂಚ ಏನಾದ್ರೂ ಓದ್ತಾ ಇದೆಯಾ?"

ಆಕೆಗೆ ಮುಖಗಳು ನೆನಪಿರುವುದಿಲ್ಲ, ಯೂನಿಟ್ಟುಗಳು ನೆನಪಿರುತ್ತವೆ. ಮೂಲೆಮನೆಯ ಅಜ್ಜಿ ಎಂದರೆ ಹದಿನೆಂಟು. ದರ್ಜಿ ಎಂದರೆ ನಲವತ್ತು. ಒಮ್ಮೆ ಮದುವೆ ಮನೆಯಲ್ಲಿ ವರನನ್ನು ತೋರಿಸಿ "ಹುಡುಗ ಹೇಗೆ?" ಎಂದು ಯಾರೋ ಕೇಳಿದ್ದಕ್ಕೆ, "ಇನ್ನೂರ ಹತ್ತರ ಮನೆಯವನು. ಹುಡುಗಿಗೆ ಸೆಕೆ ಆಗಲ್ಲ ಬಿಡಿ" ಎಂದು ಪ್ರಮಾಣಪತ್ರ ಕೊಟ್ಟಿದ್ದಳು.

ಇಂಥ ಸ್ವಿಚ್ಚಕ್ಕನಿಗೂ ಒಬ್ಬ ಗುರುವಿದ್ದಾರೆ. ಅದು ಆಕೆಯ ಅತ್ತೆ. ಒಂಬತ್ತು ವರ್ಷದ ಹಿಂದೆ ತವರಿನ ಅಣ್ಣ ಪ್ರೀತಿಯಿಂದ ಒಂದು ಗೀಸರ್ ತಂದು ಬಚ್ಚಲುಮನೆಯ ಗೋಡೆಗೆ ಹಾಕಿಸಿಕೊಟ್ಟ. ಅವನು ಬಸ್ಸು ಹತ್ತುವ ಮೊದಲೇ ಅತ್ತೆ ಅದರ ಸ್ವಿಚ್ಚಿಗೆ ಕಪ್ಪು ಟೇಪು ಸುತ್ತಿದರು. "ನೀರು ಕಾಯ್ಸೋ ಯಂತ್ರ ಅಲ್ಲ ಕಣೆ ಅದು. ಹೊಟ್ಟೆ ಉರ್ಸೋ ಯಂತ್ರ!" ಒಂಬತ್ತು ವರ್ಷಗಳಲ್ಲಿ ಟೇಪು ಎರಡು ಸಲ ಹಳೆಯದಾಗಿ ಹೊಸದಾಯಿತು. ಗೀಸರ್ ಮಾತ್ರ ಒಂದು ಸಲವೂ ಬೆಚ್ಚಗಾಗಲಿಲ್ಲ.

ಮನೆಯ ಮೂರನೆಯವರು ಗಂಡ. ಊರಾಚೆ ಕಾಲುವೆ ನೀರು ಧುಮುಕುವ ಕಡೆ ಒಂದು ಪುಟ್ಟ ವಿದ್ಯುತ್ ಮನೆ ಇದೆ. ಅಲ್ಲಿರುವುದು ಅರವತ್ತು ವರ್ಷದ ಒಂದೇ ಒಂದು ಯಂತ್ರ, ಅದನ್ನು ನಡೆಸುವವರು ಇವರು. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಬೇರಿಂಗಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಯಂತ್ರದ ಕ್ಷೇಮಸಮಾಚಾರ ಕೇಳುತ್ತಾರೆ. ಆ ಕಿವಿಯಲ್ಲಿ ಕಾಲು ಭಾಗವನ್ನು ನನಗೆ ಕೊಟ್ಟಿದ್ದರೆ ಸಂಸಾರ ಎಲ್ಲಿಗೋ ಹೋಗುತ್ತಿತ್ತು ಎಂಬುದು ಸ್ವಿಚ್ಚಕ್ಕನ ಹಳೆಯ ದೂರು. ಮಾತಿನಲ್ಲೂ ಅವರದು ಮಹಾ ಮಿತವ್ಯಯ. ದಿನಕ್ಕೆ ಹತ್ತು ಪದ ದಾಟಿದರೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಬೇಕು.

ಈ ಯಂತ್ರ ಊರಿನ ವಿದ್ಯುತ್ ಸಂಘದ್ದು. ಸ್ವಂತ ಯಂತ್ರ ಇರುವುದರಿಂದಲೇ ನಮ್ಮ ಮನೆಗಳಿಗೆ ಕರೆಂಟು ಅಗ್ಗ. ಸುತ್ತಲಿನ ಊರುಗಳು ಹೊರಗಿನ ದೊಡ್ಡ ಕಂಪನಿಯಿಂದ ಕೊಂಡು ಇದರ ಎರಡರಷ್ಟು ದರ ತೆರುತ್ತವೆ. ಹೀಗಿರುವಾಗ ಮೇಲಿನಿಂದ ಒಂದು ಕಾಗದ ಬಂತು. ಯಂತ್ರಕ್ಕೆ ವಯಸ್ಸಾಗಿದೆ, ಅದು ಇನ್ನೂ ಗಟ್ಟಿ ಎಂದು ತೋರಿಸಬೇಕು. ಶನಿವಾರ ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಹೊರಗಿನ ತಂತಿ ಕಡಿದು, ಊರನ್ನೆಲ್ಲ ಅದೊಂದೇ ಹೊರಬೇಕು. ನಾಲ್ಕು ಗಂಟೆಗಳಲ್ಲಿ ಸಾವಿರದ ಆರುನೂರು ಯೂನಿಟ್ ಕೊಟ್ಟರೆ ಪಾಸು. ಕೊಡದಿದ್ದರೆ ವಿದ್ಯುತ್ ಮನೆಗೆ ಬೀಗ, ಊರಿಗೆ ಎರಡರಷ್ಟು ದರ.

ಗಂಡ ಈ ಮಹಾ ವಾರ್ತೆಯನ್ನು ಊಟದ ಹೊತ್ತಿನಲ್ಲಿ ಹೆಂಡತಿಗೆ ತಲುಪಿಸಿದ್ದು ಹೀಗೆ: "ಶನಿವಾರ ಮಷಿನ್‌ಗೆ ಪರೀಕ್ಷೆ. ಊರವರ ಕೈಲಿದೆ."

ಅಷ್ಟೇ. ಪದದ ಲೆಕ್ಕ ಮುಗಿಯಿತು, ಅವರು ಕೈ ತೊಳೆದರು.

ಸ್ವಿಚ್ಚಕ್ಕ ಯೋಚಿಸಿದಳು. ಮುದಿ ಯಂತ್ರ. ಒಂಟಿಯಾಗಿ ಇಡೀ ಊರನ್ನು ಹೊರಬೇಕು. ಪಾಪ! ಊರವರ ಕೈಲಿರುವುದು ಏನು? ಸ್ವಿಚ್ಚು. ಸ್ವಿಚ್ಚನ್ನು ಏನು ಮಾಡಬೇಕು? ಇಪ್ಪತ್ತೆರಡು ವರ್ಷಗಳಿಂದ ಆಕೆಗೆ ಗೊತ್ತಿದ್ದ ಉತ್ತರ ಒಂದೇ. ಮರುದಿನದಿಂದ ದಂಡಯಾತ್ರೆ ಹೊರಟಿತು. ಮನೆ ಮನೆಗೆ ಹೋಗಿ ಆಣೆ ಹಾಕಿಸಿಕೊಂಡಳು: "ಶನಿವಾರ ಹತ್ತರಿಂದ ಎರಡು. ಒಂದು ಬಲ್ಬು ಉರೀಬಾರ್ದು. ಉರಿದ್ರೆ ದರ ಎರಡರಷ್ಟು, ಆಮೇಲೆ ನನ್ನ ಮುಖ ನೋಡ್ಬೇಡಿ."

ಶನಿವಾರ ಬಂತು. ಗಡಿಯಾರ ಹತ್ತು ಹೊಡೆಯಿತು. ಆಹಾ, ಎಂಥ ದೃಶ್ಯ! ಬೀದಿಗೆ ಬೀದಿಯೇ ಉಸಿರು ಬಿಗಿ ಹಿಡಿಯಿತು. ಫ್ಯಾನುಗಳು ನಿಂತವು. ಹಿಟ್ಟಿನ ಗಿರಣಿ ಮೌನವಾಯಿತು. ಕ್ಷೌರಿಕ ಗಿರಾಕಿಯ ಕುರ್ಚಿಯನ್ನೇ ಬೀದಿಯ ಬಿಸಿಲಿಗೆ ಎಳೆದು ಅರ್ಧ ಗಡ್ಡ ಮುಂದುವರಿಸಿದ. ದರ್ಜಿ ಮೋಟಾರು ಬಿಚ್ಚಿಟ್ಟು ಕಾಲಿನಲ್ಲಿ ಯಂತ್ರ ತುಳಿದ. ಸ್ವಿಚ್ಚಕ್ಕ ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿದಳು. ಇಪ್ಪತ್ತೆರಡು ವರ್ಷ ನೀರೆರೆದ ಗಿಡ ಒಂದೇ ಬೆಳಿಗ್ಗೆ ಮೈತುಂಬ ಹೂ ಬಿಟ್ಟಿತ್ತು.

ಹತ್ತೂಕಾಲಿಗೆ ಫೋನು ಬಂತು.

"ಊರಿಗೆ ಏನ್ ಮಾಡಿದ್ಯೇ ನೀನು?" ಗಂಡನ ಧ್ವನಿ.

"ನೋಡಿದ್ರಾ! ಒಂದು ಬಲ್ಬಾದ್ರೂ ಉರೀತಿದ್ಯಾ ಹೇಳಿ! ಎಲ್ಲಾ ನಿಮ್ಮ ಮಷಿನ್‌ಗೋಸ್ಕರ!"

"ಉರೀಬೇಕು ಕಣೇ! ಉರೀಬೇಕು! ಕರೆಂಟು ಕೂಡಿಡೋ ವಸ್ತುನಾ? ಊರು ಎಷ್ಟು ತಿನ್ನುತ್ತೋ ಮಷಿನ್ ಅಷ್ಟೇ ಕೊಡೋದು! ಯಾರೂ ತಿನ್ನದೆ ಇದ್ರೆ ನಾನು ಯಾರಿಗೆ ಬಡಿಸ್ಲಿ? ಗಂಟೆಗೆ ನಾನೂರು ಹೋಗ್ಬೇಕು, ನೂರೈವತ್ತೂ ಹೋಗ್ತಿಲ್ಲ! ಪರೀಕ್ಷಕರು ಇಲ್ಲಿ ಕೂತು ನನ್ನ ಮುಖ ನೋಡ್ತಿದ್ದಾರೆ!"

ಮದುವೆಯಾದ ಮೇಲೆ ಅವರು ಆಡಿದ ಅತಿ ಉದ್ದದ ಭಾಷಣ ಇದು. ವಿಷಯ ಎಷ್ಟು ಗಂಭೀರ ಎಂಬುದು ಆಕೆಗೆ ಅದರ ಉದ್ದದಿಂದಲೇ ಅರ್ಥವಾಯಿತು. ಸ್ಕೂಟರೆಂಬ ರಥ ಏರಿದಳು.

ಮೊದಲು ಸಿಕ್ಕವನು ದರ್ಜಿ. "ಏಯ್, ಮೋಟಾರ್ ಹಾಕಪ್ಪಾ! ಲೈಟ್ ಹಾಕು! ಇಸ್ತ್ರಿ ಪೆಟ್ಟಿಗೆ ಹಾಕು!"

ದರ್ಜಿ ತುಳಿಯುವುದನ್ನು ನಿಲ್ಲಿಸಲಿಲ್ಲ, ಜಾಣನಗೆ ನಕ್ಕ. "ಅಕ್ಕಾ, ನಾನು ಹಾಕ್ತೀನಾ ಇಲ್ವಾ ಅಂತ ನೋಡೋಕೆ ಬಂದ್ರಾ? ನಾನು ಬೀಳಲ್ಲಕ್ಕ ಈ ಬಲೆಗೆ."

"ಅಯ್ಯೋ, ನಿಜವಾಗ್ಲೂ ಹಾಕೋ ಮಾರಾಯ!"

"ಹೋದ ವಾರ ಆಣೆ ಹಾಕಿಸ್ಕೊಂಡಿದ್ದು ಸುಳ್ಳಾ ಹಾಗಾದ್ರೆ? ಹೋಗಿ ಅಕ್ಕಾ, ಬೇರೆಯವರನ್ನ ಪರೀಕ್ಷೆ ಮಾಡಿ."

ಆಕೆಯ ಶಿಷ್ಯರು ಅಷ್ಟು ಗಟ್ಟಿ! ಒಬ್ಬೊಬ್ಬರ ಕಾಲು ಹಿಡಿಯುತ್ತ ಕೂತರೆ ಹೊತ್ತು ಮುಳುಗುತ್ತದೆ ಎಂದು ಕಂಡು ಸ್ವಿಚ್ಚಕ್ಕ ಸೀದಾ ಹಾಲಿನ ಡೇರಿಗೆ ಸ್ಕೂಟರ್ ತಿರುಗಿಸಿದಳು. ಹಾಲಿನ ಗಾಡಿ ಬಂತೆಂದು ಕೂಗಿ ಹೇಳಲು ಡೇರಿಯ ಛಾವಣಿಯ ಮೇಲೆ ದಿಕ್ಕಿಗೊಂದರಂತೆ ನಾಲ್ಕು ಧ್ವನಿವರ್ಧಕಗಳಿವೆ. ಡೇರಿ ಕಾರ್ಯದರ್ಶಿಯ ಕೈಯಿಂದ ಮೈಕು ಕಿತ್ತುಕೊಂಡಳು.

"ಎಲ್ಲರೂ ಕೇಳಿ! ನಾನು ಸ್ವಿಚ್ಚಕ್ಕ! ನಾನು ಹೇಳಿದ್ದು ತಪ್ಪು! ಎಲ್ಲ ಸ್ವಿಚ್ ಹಾಕಿ!"

ಊರು ಕೇಳಿತು, ನಂಬಲಿಲ್ಲ. ಸ್ವಿಚ್ಚಕ್ಕ ತಪ್ಪೊಪ್ಪಿಕೊಳ್ಳುವುದೆಂದರೇನು? ಯಾರೋ ಕಿಡಿಗೇಡಿ ಅವಳ ಧ್ವನಿ ಮಾಡುತ್ತಿದ್ದಾನೆ ಎಂದು ಜನ ಕಿಟಕಿಯಲ್ಲಿ ನಿಂತು ನಕ್ಕರು. ಕಾರ್ಯದರ್ಶಿಯೂ ಹೇಳಿದ, "ಅಕ್ಕಾ, ಎದುರಿಗೆ ನಿಂತಿರೋ ನನಗೇ ಅನುಮಾನ."

ಆಗ ಸ್ವಿಚ್ಚಕ್ಕ ತನ್ನ ಬತ್ತಳಿಕೆಗೆ ಕೈ ಹಾಕಿದಳು. "ನಾನಲ್ವಾ? ಕೇಳಿ ಹಾಗಾದ್ರೆ! ಐದನೇ ಬೀದಿ ಹಸಿರು ಗೇಟು: ಯಾವಾಗ್ಲೂ ನೂರ ಎಂಬತ್ತು, ಹೋದ ತಿಂಗಳು ಬಾಮೈದ ಬಂದು ಇನ್ನೂರ ಮೂವತ್ತು! ನೀರಿನ ಟ್ಯಾಂಕಿ ಹಿಂದಿನ ಮಾಸ್ತರು: ಊರಿಗೆಲ್ಲ ಉಳಿತಾಯದ ಪಾಠ, ಮಲಗೋ ಕೋಣೆಯಲ್ಲಿ ಎರಡು ಫ್ಯಾನು! ಮೂರನೇ ಬೀದಿ ಡಾಕ್ಟರ ಮನೆ..."

ಡಾಕ್ಟರ ಮನೆಯ ಗುಟ್ಟು ಹೊರಬೀಳುವ ಮುಂಚೆಯೇ ಆ ಮನೆಯ ದೀಪಗಳೆಲ್ಲ ಹೊತ್ತಿಕೊಂಡವು. ಹಿಂದೆಯೇ ಇಡೀ ಬೀದಿ. ಸ್ವಿಚ್ಚಕ್ಕನೇ ಸರಿ, ಇಷ್ಟೆಲ್ಲ ಇನ್ಯಾರಿಗೆ ಗೊತ್ತಿರುತ್ತದೆ? ಗಿರಣಿ ಗುಡುಗಿತು. ಮರ ಕೊಯ್ಯುವ ಮಿಲ್ಲು ಕಿರುಚಿತು. ವೆಲ್ಡಿಂಗ್ ಅಂಗಡಿಯಲ್ಲಿ ಕಿಡಿ ಹಾರಿತು. ಊರು ಹಬೆಯಾಡುವ ಪಾತ್ರೆಯಂತೆ ಸದ್ದು ಮಾಡತೊಡಗಿತು.

ಹನ್ನೊಂದಕ್ಕೆ ವಿದ್ಯುತ್ ಮನೆಯ ಯೂನಿಟ್ ಲೆಕ್ಕದ ಮೀಟರ್ ತೋರಿಸಿದ್ದು ಬರೀ ಇನ್ನೂರು. ಇನ್ನು ಮೂರು ಗಂಟೆಯಲ್ಲಿ ಸಾವಿರದ ನಾನೂರು ಆಗಬೇಕು. ಯಂತ್ರದ ತಾಕತ್ತೋ, ಗಂಟೆಗೆ ಐನೂರು. ಅದನ್ನು ಮೀರಿದರೆ ತಾನೇ ಕಡಿದುಕೊಂಡು ನಿಂತುಬಿಡುತ್ತದೆ. ನಿಂತರೆ ಫೇಲು. ಆದರೂ ಹನ್ನೆರಡಕ್ಕೆ ಆರುನೂರ ಅರವತ್ತು, ಒಂದಕ್ಕೆ ಸಾವಿರದ ನೂರೈವತ್ತು! ಗಂಡ ಫೋನಿನಲ್ಲಿ ಅಂಕಿ ಹೇಳುತ್ತಿದ್ದರು, ಹೆಂಡತಿ ಮೈಕಿನಲ್ಲಿ ಸಾರುತ್ತಿದ್ದಳು, ಪ್ರತಿ ಅಂಕಿಗೂ ಮನೆಗಳಿಂದ ಶಿಳ್ಳೆ ಬೀಳುತ್ತಿತ್ತು. ಗೆದ್ದೆವೆಂದೇ ಎಲ್ಲರೂ ಭಾವಿಸಿದರು.

ಒಂದಕ್ಕೆ ಗಿರಣಿಯವರೂ ಮಿಲ್ಲಿನವರೂ ಮೋಟಾರು ಆರಿಸಿ ಊಟಕ್ಕೆ ಹೋದರು.

"ಇಳೀತಾ ಇದೆ! ನಾನೂರು... ಮುನ್ನೂರ ಅರವತ್ತು!" ಗಂಡ ಅರಚಿದರು. ಮೈಕಿನಲ್ಲಿ ಬೈದು, ಬೇಡಿ, ತುತ್ತು ಬಾಯಲ್ಲಿದ್ದವರನ್ನೇ ಎಬ್ಬಿಸಿ ಮರಳಿ ಮೋಟಾರು ಹಾಕಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ನೀರುಪಾಲು. ಈಗ ಸಾವಿರದ ಇನ್ನೂರ ಎಪ್ಪತ್ತು. ಉಳಿದ ನಲವತ್ತು ನಿಮಿಷದಲ್ಲಿ ಮುನ್ನೂರ ಮೂವತ್ತು. ಅಂದರೆ ಯಂತ್ರದ ಮೇಲಿನ ಹೊರೆ ತೋರಿಸುವ ಮುಳ್ಳು ನಾನೂರ ತೊಂಬತ್ತೈದಕ್ಕಿಂತ ಇಳಿಯಬಾರದು, ಐನೂರು ದಾಟಬಾರದು. ನಡುವೆ ಇರುವುದು ಐದೇ ಐದು ಗೆರೆ. ಆ ಐದು ಗೆರೆಗಳ ಮೇಲೆ ಇಡೀ ಊರನ್ನು ನಲವತ್ತು ನಿಮಿಷ ನಡೆಸಬೇಕು!

ಇದಕ್ಕೆ ಬೇಕಾದ ವಿದ್ಯೆ ಜಗತ್ತಿನಲ್ಲಿ ಇದ್ದದ್ದು ಒಬ್ಬರಿಗೆ ಮಾತ್ರ. ಎಡಗಿವಿಗೆ ಫೋನು, ಬಲಗೈಯಲ್ಲಿ ಮೈಕು, ಕಣ್ಣು ಮುಚ್ಚಿದಳು. ಸಾವಿರದ ಇನ್ನೂರು ಮನೆಗಳ ಬಲ್ಬು, ಪಂಪು, ಮಿಕ್ಸರುಗಳು ಆಕೆಯ ತಲೆಯಲ್ಲಿ ಸಾಲಾಗಿ ಬಂದು ಸಲಾಮು ಹೊಡೆದವು.

"ಐನೂರ ಹತ್ತಿರ!" ಎಂದರು ಗಂಡ.

"ಮಾಸ್ತರೇ, ಒಂದು ಫ್ಯಾನ್ ಸಾಕು! ಹಸಿರು ಗೇಟು, ಪಂಪ್ ಆರ್ಸಿ!"

"ನಾನೂರ ತೊಂಬತ್ತಾರು!"

"ದರ್ಜಿ, ಇಸ್ತ್ರಿ ಹಾಕಪ್ಪಾ! ಈಗ ನಂಬ್ತೀಯಾ ಇಲ್ವಾ?"

"ಹಾಕ್ದೆ ಅಕ್ಕಾ!" ಎಂದು ದರ್ಜಿ ಬೀದಿಯಿಂದಲೇ ಕೂಗಿದ.

ಒಂದೂ ನಲವತ್ತಕ್ಕೆ ಯಾರೂ ಊಹಿಸದ ದ್ರೋಹ ನಡೆಯಿತು. ಮುಳ್ಳು ತನ್ನಷ್ಟಕ್ಕೆ ಜಾರತೊಡಗಿತು. ಯಾರೂ ಏನೂ ಆರಿಸಿರಲಿಲ್ಲ. ಸ್ವಿಚ್ಚಕ್ಕನಿಗೆ ಒಂದು ಕ್ಷಣದಲ್ಲಿ ಹೊಳೆಯಿತು.

"ಗೀಸರ್! ನೀರು ಕಾದು ಗೀಸರ್‌ಗಳು ತಾವೇ ನಿಂತುಬಿಡ್ತಿವೆ! ಎಲ್ಲರೂ ಬಿಸಿನೀರು ಖಾಲಿ ಮಾಡಿ! ಸ್ನಾನ ಮಾಡಿ! ಮಾಡಿದ್ದವರು ಇನ್ನೊಂದ್ಸಲ ಮಾಡಿ!"

ನಾಡಿನ ಚರಿತ್ರೆಯಲ್ಲಿ ಧ್ವನಿವರ್ಧಕದ ಆಜ್ಞೆಗೆ ಒಂದು ಊರು ಒಟ್ಟಿಗೆ ಸ್ನಾನಕ್ಕಿಳಿದದ್ದು ಇದೇ ಮೊದಲಿರಬೇಕು. ಅರ್ಧ ಗಡ್ಡದ ಗಿರಾಕಿ ಕೂಡ ಮನೆಗೆ ಓಡಿದ. ಬಚ್ಚಲ ನೀರು ಚರಂಡಿಗಳಲ್ಲಿ ಹಬೆಯಾಡುತ್ತ ಹರಿಯಿತು. ಮುಳ್ಳು ಮೇಲೇರಿತು, ನಾನೂರ ತೊಂಬತ್ತಾರು, ತೊಂಬತ್ತೇಳು... ಎರಡಕ್ಕೆ ಹತ್ತು ನಿಮಿಷವಿರುವಾಗ ತೊಂಬತ್ತಮೂರಕ್ಕೆ ಕುಸಿದು ಅಲ್ಲೇ ಕೂತಿತು.

"ಎರಡು ಕಿಲೋವ್ಯಾಟ್ ಕಮ್ಮಿ ಕಣೇ," ಎಂದರು ಗಂಡ. ಧ್ವನಿ ಸಣ್ಣಗಾಗಿತ್ತು. "ಎರಡೇ ಎರಡು."

ಸ್ವಿಚ್ಚಕ್ಕ ತಲೆಯೊಳಗಿನ ಮನೆಗಳನ್ನೆಲ್ಲ ತಡಕಾಡಿದಳು. ಆರಿಸಿದ್ದ ಪಂಪು, ಫ್ಯಾನುಗಳನ್ನೂ ಮತ್ತೆ ಹಾಕಿಸಿಯಾಗಿತ್ತು, ಎಲ್ಲರದೂ ಉರಿಯುತ್ತಿತ್ತು. ಊರಲ್ಲಿ ಆರಿದ್ದದ್ದು ಒಂದೇ ಒಂದು, ಸರಿಯಾಗಿ ಎರಡು ಕಿಲೋವ್ಯಾಟಿನದು. ಆಕೆ ಮೈಕು ಎತ್ತಿದಳು. ಧ್ವನಿ ಸೊಸೆಯದಾಯಿತು.

"ಅತ್ತೇ... ನಾನು. ಬಚ್ಚಲುಮನೆಗೆ ಹೋಗಿ. ಆ ಟೇಪ್ ಕೀಳಿ."

ಆ ಟೇಪಿನ ಕಥೆ ಗೊತ್ತಿಲ್ಲದವರು ಊರಲ್ಲಿ ಇರಲಿಲ್ಲ.

"ಅತ್ತೇ, ನಿಮ್ಮ ಮಗನ ಮಷಿನ್ ಅತ್ತೇ. ಇವತ್ತು ಹಾಕದಿದ್ರೆ ನಾಳೆಯಿಂದ ಒಂದು ಬಲ್ಬಿಗೆ ಎರಡರ ದುಡ್ಡು. ದಮ್ಮಯ್ಯ!"

ಅರ್ಧ ನಿಮಿಷ ಮುಳ್ಳು ಅಲುಗಲಿಲ್ಲ. ಮತ್ತೆ ಅರ್ಧ ನಿಮಿಷ. ಆಮೇಲೆ ಫೋನಿನಲ್ಲಿ ಗಂಡನ ಧ್ವನಿ: "ತೊಂಬತ್ತೈದು! ಅಮ್ಮ... ಅಮ್ಮ ಹಾಕಿದ್ಲು ಕಣೇ!"

ನಾಲ್ಕು ದಿಕ್ಕಿನಿಂದ ಎದ್ದ ಕೂಗಿಗೆ ಡೇರಿಯ ಹಾಲಿನ ಕ್ಯಾನುಗಳು ಝಲ್ಲೆಂದವು. ಎರಡು ಹೊಡೆದಾಗ ಲೆಕ್ಕದ ಮೀಟರ್ ತೋರಿಸಿದ್ದು ಸಾವಿರದ ಆರುನೂರ ಒಂದು. ಪರೀಕ್ಷಕರು ಕಾಗದದ ಮೇಲೆ ರುಜು ಹಾಕಿ, ಟೊಪ್ಪಿಗೆ ತೆಗೆದು ಬೆವರೊರೆಸಿಕೊಂಡು, "ನನ್ನ ಸರ್ವೀಸಲ್ಲಿ ಎಷ್ಟೋ ಮಷಿನ್ ಪಾಸ್ ಆಗಿದ್ದು ನೋಡಿದೀನಿ. ಊರು ಪಾಸ್ ಆಗಿದ್ದು ಇದೇ ಮೊದಲು" ಎಂದರಂತೆ. ದರ ಏರಲಿಲ್ಲ. ವಿದ್ಯುತ್ ಮನೆಗೆ ಬೀಗ ಬೀಳಲಿಲ್ಲ. ಗಂಡ ಅಂದಿನ ಮಾತಿನ ಸಾಲ ತೀರಿಸಲು ಮುಂದಿನ ಹದಿನೈದು ದಿನ ತುಟಿ ಬಿಚ್ಚಲಿಲ್ಲ.

ಸ್ವಿಚ್ಚಕ್ಕ ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದಾಗ ಮೂರು ದಾಟಿತ್ತು. ಬಚ್ಚಲುಮನೆಯ ಬಾಗಿಲ ಸಂದಿಯಿಂದ ಹಬೆ ಬರುತ್ತಿತ್ತು. ಒಳಗಿನಿಂದ ಬಕೆಟ್ಟಿನ ಮೇಲೆ ಬಕೆಟ್ಟು ಮೊಗೆಯುವ ಸದ್ದು, ಜೊತೆಗೆ ಯಾವುದೋ ಹಳೇ ಹಾಡಿನ ಗುನುಗು.

"ಅತ್ತೇ, ಪರೀಕ್ಷೆ ಮುಗೀತು! ಸಾಕು, ಆರ್ಸಿ!"

"ಸುಮ್ನಿರೇ! ಒಂಬತ್ತು ವರ್ಷದ ಬಾಕಿ ಇದೆ ನಂದು!"

ಸ್ವಿಚ್ಚಕ್ಕನ ಕೈ ಹಳೇ ಚಾಳಿಗೆ ಗೋಡೆಯ ಸ್ವಿಚ್ಚಿನವರೆಗೂ ಹೋಯಿತು. ಕಿತ್ತ ಟೇಪು ಅಲ್ಲೇ ಜೋತುಬಿದ್ದಿತ್ತು. ಆಕೆ ಅದನ್ನು ಬಿಡಿಸಿ, ಉಂಡೆ ಮಾಡಿ, ಕಸದ ಬುಟ್ಟಿಗೆ ಎಸೆದಳು. ಆಮೇಲೆ ಹೊರಗೆ ಹೋಗಿ ತಮ್ಮ ಮೀಟರಿನ ಮುಂದೆ ನಿಂತು, ಅದು ಗರಗರ ತಿರುಗುವುದನ್ನು ನೋಡುತ್ತ, ಬಾಯಿ ತುಂಬ ನಕ್ಕಳು.