ಫಿಲ್ಟರಿನೊಳಗಿನ ಭಂಡಾರ

ಕಳೆದ ವಾರ ಉಮರ್ಗಾದ ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿ ನನ್ನ ಕಾರನ್ನು ಸರ್ವಿಸಿಗೆ ಬಿಟ್ಟಿದ್ದೆ. ಮೆಕ್ಯಾನಿಕ್ ಬಾನೆಟ್ ಎತ್ತಿದ ಕೂಡಲೇ ನೀವೂ ನನ್ನ ಹಾಗೆಯೇ ಪಕ್ಕದಲ್ಲಿ ನಿಂತು, ಕೈ ಹಿಂದೆ ಕಟ್ಟಿಕೊಂಡು, ಎಲ್ಲ ತಿಳಿದವರಂತೆ ತಲೆಯಾಡಿಸುತ್ತೀರಿ ಎಂದುಕೊಂಡಿದ್ದೇನೆ. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಹಾಗಾಗಿ ನನ್ನ ತಲೆ ತುಸು ಹೆಚ್ಚೇ ಆಡುತ್ತದೆ. ಅವನು ಏರ್ ಫಿಲ್ಟರ್ ಹೊರತೆಗೆದು ನೆಲಕ್ಕೆ ಬಡಿದ. ಬೂದು ಧೂಳು ಎದ್ದಿತು. "ಸರ, ಪೂರಾ ಚೋಕ್ ಆಗ್ಯಾದ್ರಿ. ಗಾಡಿಗಿ ಉಸರೇ ಸಿಗವಲ್ದು" ಎಂದ. ಇದೇ ಮಾತನ್ನು ಹದಿನೈದು ವರ್ಷದ ಹಿಂದೆ ಉದಗೀರಿನಲ್ಲಿ ಕೇಳಿದ್ದೆ. ಅಂದು ಬಿದ್ದ ಧೂಳು ಹಳದಿಯಾಗಿತ್ತು.

ಅದು ನನ್ನ ಕಾಕಾನ, ಅಂದರೆ ಅಪ್ಪನ ತಮ್ಮನ, ಕಾರು. ಗುಂಜೋಟಿಯಲ್ಲಿ ನಮ್ಮದು ಕುರಿ ಸಾಕುವ ಮನೆತನ, ಬೀರಪ್ಪ ದೇವರ ಒಕ್ಕಲು. ಅಪ್ಪ ಹೊಲ ಹಿಡಿದ, ಕಾಕಾ ಕುರಿ ಹಿಡಿದ. ಐವತ್ತು ದಾಟಿದ ಮೇಲೆ ಮೊಣಕಾಲು ನೋವು ಬಂದು ಹಿಂಡಿನ ಹಿಂದೆ ನಡೆಯಲಾಗದಾಯಿತು. ಒಂದು ದಿನ ಅಷ್ಟೂ ಕುರಿಗಳನ್ನು ಮಾರಿ, ಹಳೆಯದೊಂದು ಸಣ್ಣ ಕಾರು ತಂದು, ಉಮರ್ಗಾ-ನಿಲಂಗಾ-ಉದಗೀರ ಅಂತ ಬಾಡಿಗೆಗೆ ಓಡಿಸತೊಡಗಿದ. ಕಾಕಿ ಬಾಗಿಲಲ್ಲೇ ನಿಂತು, "ಬೀರಪ್ಪ ಕೊಟ್ಟ ಹಿಂಡು ಮಾರಿ ತಗಡಿನ ಡಬ್ಬಿ ತಂದಿ. ನೋಡ್ತಿರು, ಅಂವಾ ಸುಮ್ಮಕಿರಂಗಿಲ್ಲ" ಎಂದಿದ್ದಳು. ಸಿಟ್ಟಿನ ಮಾತು, ಮರುದಿನಕ್ಕೆ ಅವಳೇ ಮರೆತಿರಬೇಕು. ಕಾಕಾ ಮರೆಯಲಿಲ್ಲ.

ಆ ಇಂಜಿನ್ನಿನ ಲೆಕ್ಕ ಕಾಕಾಗೆ ಬಾಯಿಪಾಠವಾಗಿತ್ತು. ಎಂಟುನೂರು ಸಿ.ಸಿ.ಯ ಪೆಟ್ರೋಲ್ ಇಂಜಿನ್, ಮೂರು ಸಿಲಿಂಡರ್, ಕಾರ್ಬ್ಯುರೇಟರ್, ಮೂರು ಲೀಟರಿನೊಳಗೆ ಆಯಿಲ್. ಶಕ್ತಿ ನಲವತ್ತು ಕುದುರೆಯೂ ಇಲ್ಲವೆಂದು ನಾನು ಹೇಳಿದಾಗ, "ನನ್ನ ಕುರಿನೇ ನೂರರ ಮ್ಯಾಲಿದ್ದವು" ಎಂದು ನಕ್ಕಿದ್ದ. ಕುರಿಗಾರನ ಆರೈಕೆಯೆಂದರೆ ನಿಮಗೆ ಗೊತ್ತಿರಲಿಕ್ಕಿಲ್ಲ. ಬೆಳಿಗ್ಗೆ ಎದ್ದು ಮೊದಲು ಬಾನೆಟ್ ಎತ್ತಿ ಆಯಿಲ್ ಕಡ್ಡಿ ಒರೆಸಿ ನೋಡುವುದು, ರೇಡಿಯೇಟರಿಗೆ ನೀರು, ಬ್ಯಾಟರಿಯ ತುದಿಗೆ ಗ್ರೀಸು, ಪ್ಲಗ್ ಬಿಚ್ಚಿ ಸಣ್ಣ ಉಸುಕಿನ ಕಾಗದದಿಂದ ತಿಕ್ಕುವುದು. ಇಷ್ಟು ಮಾಡಿದ ಮೇಲೇ ಅವನ ಚಹಾ. ಎರಡು ವರ್ಷ ಆ ಕಾರು ದಾರಿಯಲ್ಲಿ ಒಮ್ಮೆಯೂ ನಿಲ್ಲಲಿಲ್ಲ. ನಿಲಂಗಾದ ಬಾಣಂತಿಯರು, ಶಿರೂರ ಅನಂತಪಾಳದ ಮುದುಕರು, ಎಲ್ಲರೂ "ಕುರುಬರ ಕಾಕಾನ ಗಾಡಿನೇ ಕರೀರಿ" ಎನ್ನುತ್ತಿದ್ದರು.

ಆಮೇಲೆ ಯಾರೋ ಡ್ರೈವರ್ ಅವನಿಗೆ, ಇಂಜಿನ್ ಉಸಿರಾಡುವುದು ಈ ದುಂಡನೆಯ ಡಬ್ಬಿಯಿಂದ ಎಂದು ಏರ್ ಫಿಲ್ಟರ್ ತೋರಿಸಿದ. ತಪ್ಪು ಹೇಳಲಿಲ್ಲ ಪಾಪ, ಸರಿಯಾಗಿಯೇ ಹೇಳಿದ. ಮುಂದಿನ ಅಮಾವಾಸ್ಯೆಗೆ ಕಾಕಾ ಬಾನೆಟ್ಟಿಗೆ ಕಾಯಿ ಒಡೆದು, ಆ ಡಬ್ಬಿಯ ಮುಚ್ಚಳ ಬಿಚ್ಚಿ, ಫಿಲ್ಟರಿನ ಕಾಗದದ ಮಡಿಕೆಗಳ ಮೇಲೆ ಒಂದು ಹಿಡಿ ಭಂಡಾರ ಹಾಕಿದ. ಬೀರಪ್ಪನ ಗುಡಿಯಿಂದ ತಂದ ಅರಿಶಿನದ ಪುಡಿ ಅದು; ಕುರಿ ಇದ್ದಾಗ ಹಿಂಡಿನ ಮೇಲೆ ಎರಚುತ್ತಿದ್ದ. "ಜೀವ ಇರೂದು ಇಲ್ಲೇ. ಭಂಡಾರಾನೂ ಇಲ್ಲೇ ಬೀಳಬೇಕು" ಎಂದು ಹೇಳಿ, ಮೇಲೊಂದಿಷ್ಟು ಕಾಯಿ ನೀರು ಚಿಮುಕಿಸಿ, ಮುಚ್ಚಳ ಬಿಗಿದು ಕೈಮುಗಿದ. ಆಮೇಲೆ ಪ್ರತಿ ಅಮಾವಾಸ್ಯೆಗೂ ಅದೇ ಆಯಿತು.

ಕೆಲವೇ ತಿಂಗಳಲ್ಲಿ ಗಾಡಿ ಏರಿನಲ್ಲಿ ಎಳೆಯದಾಯಿತು, ಕರೀ ಹೊಗೆ ಬಿಡತೊಡಗಿತು, ಪೆಟ್ರೋಲು ಕುಡಿಯತೊಡಗಿತು. ಎಷ್ಟು ತಿಕ್ಕಿದರೂ ಪ್ಲಗ್ಗಿನ ಮೇಲೆ ಮಸಿ. ಕಾಕಾನ ಮುಖವೂ ಹಾಗೆಯೇ ಆಯಿತು. "ಹಿಂಡು ಮಾರಿದ್ದು ಅಂವಗ ಸೇರಿಲ್ಲ, ಮಾಸ್ತರ" ಎಂದು ನನಗೊಬ್ಬನಿಗೇ ಹೇಳಿದ. ನಾನಿನ್ನೂ ಓದುತ್ತಿದ್ದೆ, ಅವನು ಆಗಲೇ ಮಾಸ್ತರ ಎನ್ನುತ್ತಿದ್ದ. ಮುಂದಿನ ಅಮಾವಾಸ್ಯೆಗೆ ಒಂದು ಹಿಡಿ ಎರಡಾಯಿತು.

ಕಡೆಗೆ ನಾನೂ ಅವನೂ ಉದಗೀರಿನ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆವು. ಹೆಸರುವಾಸಿ ಕೈ, ವಯಸ್ಸಾದ ಮುಸಲ್ಮಾನರು, ಎಲ್ಲರಿಗೂ ಚಾಚಾ. ಕಾಕಾ ಚಹಾಕ್ಕೆಂದು ಎದುರು ಹೋಟೆಲಿಗೆ ಹೋದಾಗ ಅವರು ಮುಚ್ಚಳ ಬಿಚ್ಚಿದರು. ಒಳಗೆ ಹಳದಿ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಬಡಿದರೆ ಹೆಂಟೆ ಹೆಂಟೆಯಾಗಿ ಉದುರಿತು. ಚಾಚಾ ದನಿ ತಗ್ಗಿಸಿ, "ಗಾಡಿಗಿ ಉಸರೇ ಇಲ್ಲ, ಬೇಟಾ. ಇಂಜಿನ್ ಏನೂ ಆಗಿಲ್ಲ, ಇನ್ನ ಹತ್ತು ವರ್ಷ ಓಡ್ತದ. ಖರೆ ಇದು ದೇವರ ಬಾಬತ್ತು. ನಾ ಹೇಳೂದು ಚಲೋ ಕಾಣಂಗಿಲ್ಲ. ನೀ ಮನಿಯಾಂವ, ನೀ ಹೇಳು" ಎಂದರು. ನೆಲದ ಮೇಲೆ ಬಿದ್ದ ಭಂಡಾರವನ್ನು ಗುಡಿಸದೆ, ಕೈಯಿಂದಲೇ ಬಾಚಿ ಕಾಗದದಲ್ಲಿ ಕಟ್ಟಿ ನನ್ನ ಕೈಗಿಟ್ಟರು. ಹೊಸ ಫಿಲ್ಟರ್ ಹಾಕಿ, ಕಾಕಾ ಬಂದಾಗ ಸರ್ವಿಸ್ ಆಯಿತು ಎಂದಷ್ಟೇ ಹೇಳಿದರು.

ಹೇಳಬೇಕೆಂದೇ ಕಾರು ಹತ್ತಿದೆ. ಆದರೆ ಊರು ದಾಟುತ್ತಲೇ ಗಾಡಿ ಹಗುರಾಗಿ ಎಳೆಯಿತು. ಕಾಕಾ ಸ್ಟೇರಿಂಗ್ ಬಿಟ್ಟು ಕೈಮುಗಿದ. ನನ್ನ ಜೀವ ಬಾಯಿಗೆ ಬಂತು. "ಬೀರಪ್ಪ ಕಣ್ಣ ತೆರದಾನ ನೋಡು. ಮಾಫ್ ಮಾಡ್ಯಾನ" ಎಂದ. ಅವನ ಕಣ್ಣು ತುಂಬಿತ್ತು. ಆ ಹೊತ್ತಿನಲ್ಲಿ ಫಿಲ್ಟರಿನ ಮಾತು ಹೇಗೆ ತೆಗೆಯಲಿ? ನಿಲಂಗಾ ಬರಲಿ ಎಂದುಕೊಂಡೆ. ನಿಲಂಗಾ ಬಂತು. ಉಮರ್ಗಾ ಬರಲಿ ಎಂದುಕೊಂಡೆ. ಕಾಗದದ ಪುಡಿಕೆ ಜೇಬಿನಲ್ಲೇ ಉಳಿಯಿತು. ಮರುವಾರ ಓದಲು ಸೋಲಾಪುರಕ್ಕೆ ಹೋದೆ. ಹೇಳದೆ ಉಳಿದದ್ದನ್ನು ಮರ್ಯಾದೆ ಎಂದು ಬಹಳ ದಿನ ಕರೆದುಕೊಂಡೆ. ಹೇಡಿತನ, ಬೇರೇನೂ ಅಲ್ಲ.

ಮುಂದಿನದು ನಿಮಗೆ ಹೇಳಬೇಕಿಲ್ಲ. ಹರಕೆ ಫಲಿಸಿತೆಂದು ಅವನು ಭಂಡಾರ ಇನ್ನೂ ಹೆಚ್ಚಿಸಿದ. ಮಾಕಣಿ ದಾರಿಯ ಏರಿನಲ್ಲಿ ಗಾಡಿ ನಿಂತಾಗ ಅವನು ಮತ್ತೆ ಉದಗೀರಿಗೆ ಹೋಗಲಿಲ್ಲ, ಯಾವ ಗ್ಯಾರೇಜಿಗೂ ಹೋಗಲಿಲ್ಲ. ದೇವರು ಮಾಫ್ ಮಾಡಿಲ್ಲವೆಂಬ ಉತ್ತರ ಬಂತೆಂದು ತಿಳಿದು ಕಾರನ್ನು ಗುಜರಿಗೆ ಹಾಕಿದ. ಹತ್ತು ವರ್ಷ ಓಡಬೇಕಿದ್ದ ಇಂಜಿನ್ ಅದು. ಆಮೇಲೆ ಹಣೆಗೆ ಭಂಡಾರ ಹಚ್ಚುವುದನ್ನೂ ಬಿಟ್ಟ. ಮೂರು ವರ್ಷ ಬದುಕಿದ್ದ. ರಜೆಯಲ್ಲಿ ಬಂದಾಗಲೆಲ್ಲ ಹೇಳಬೇಕೆಂದು ಪಕ್ಕದಲ್ಲಿ ಕೂತು, ಹವಾಮಾನದ ಮಾತಾಡಿ ಏಳುತ್ತಿದ್ದೆ. ಉರಿಯುವುದಕ್ಕೆ ಗಾಳಿ ಬೇಕು ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುತ್ತೇನೆ; ಹೇಳಬೇಕಾದ ಒಬ್ಬನಿಗೆ ಹೇಳಲಿಲ್ಲ.

ಕಳೆದ ವಾರ ಗ್ಯಾರೇಜಿನಿಂದ ನೇರ ಗುಂಜೋಟಿಗೆ ಹೋದೆ. ಕಾಕಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಎದೆ ಹಗುರವಾಗುತ್ತದೆಂಬ ಆಸೆ, ಸುಳ್ಳೇಕೆ. ಅವಳು ಮೊರ ಕೆಳಗಿಟ್ಟಳು.

"ಕಡೀಕ ಕಡೀಕ ಗುಡಿ ಹೊರಗೇ ನಿಂದರ್ತಿದ್ದ" ಎಂದಳು. "ಒಳಗ ಬಾ ಅಂದ್ರ, ನನ್ನ ಮಾರಿ ಅಂವಗ ಬ್ಯಾಡಾಗ್ಯಾದ ಅಂತಿದ್ದ. ಹೌದು, ನಿನ್ನ ಪಾಪ, ಅನಭೋಗಸು ಅಂತ ನಾನೂ ಅಂದೀನಿ, ಒಂದಲ್ಲ ನಾಕ ಸಲ."

ಆಮೇಲೆ ನನ್ನ ಮುಖ ನೋಡಿ ಕೇಳಿದಳು:

"ಇದು ನಿನಗ ಯಾವಾಗ ಗೊತ್ತಾತು?"

"ಆವಾಗೇ, ಕಾಕಿ."

ಅವಳು ಮತ್ತೆ ಮೊರ ಎತ್ತಿಕೊಂಡಳು. ಎಷ್ಟು ಸಿಟ್ಟಿದ್ದರೂ ನನ್ನನ್ನು ಬಾಗಿಲ ತನಕ ಬಂದು "ಹೋಗಿ ಬಾ" ಎಂದು ಕಳಿಸುವವಳು. ಅಂದು ನಾನು ಚಪ್ಪಲಿ ಮೆಟ್ಟಿ ಬಹಳ ಹೊತ್ತು ನಿಂತೆ. ಅವಳು ತಲೆ ಎತ್ತಲಿಲ್ಲ.